ಒಂದೂ ಗುಳ್ಳೆಯಿಲ್ಲದ ಕೊಳವೆ

ಫೆಬ್ರುವರಿ 9

ಅಪ್ಪ,

ನೀನು ಕಳಿಸಿದ ಗಾಜಿನ ಕೊಳವೆ ಎಲ್ಲೂ ಮುಕ್ಕಾಗದೆ ಬಂದು ಸೇರಿತು. ಪೆಟ್ಟಿಗೆಯಲ್ಲಿ ಮೂರು ಕಿಲೋ ಮರದ ಹೊಟ್ಟಿತ್ತು, ಹನ್ನೆರಡು ಹಾಳೆ ಹಳೇ ಪತ್ರಿಕೆಯಿತ್ತು, ಕಾಗದ ಮಾತ್ರ ಇರಲಿಲ್ಲ. ತಳದವರೆಗೂ ಕೈಹಾಕಿ ಹುಡುಕಿದೆ. ಎರಡು ವರ್ಷ ಮಾತು ಬಿಟ್ಟವರಿಗೆ ಮೊದಲ ಸಾಲು ಕಷ್ಟವೆಂದು ನನಗೂ ಗೊತ್ತು. ಅದಕ್ಕೇ ಅದನ್ನು ನಾನೇ ಬರೆಯುತ್ತಿದ್ದೇನೆ.

ಅಳತೆ ಯಾರು ಕೊಟ್ಟರೆಂದು ಕೇಳುವುದಿಲ್ಲ. ನಮ್ಮ ಹಳೇ ಕೊಳವೆ ಬಿರುಕು ಬಿಟ್ಟಿದೆ ಎಂದು ಅತ್ತೆಗೆ ಬರೆದಿದ್ದೆ, ಪಕ್ಕದಲ್ಲಿ ಚಿತ್ರವನ್ನೂ ಗೀಚಿದ್ದೆ. ಅತ್ತೆಯ ಹೊಟ್ಟೆಯಲ್ಲಿ ಮಾತು ನಿಲ್ಲದಿರುವುದು ಒಮ್ಮೊಮ್ಮೆ ಒಳ್ಳೆಯದೇ.

ನಿನ್ನ ಹಾಗೆ ಗಾಜು ಊದುವುದನ್ನು ಬಿಟ್ಟು ಓದುವುದಕ್ಕೆ ಹೋದೆ ಎಂದು ನಿನಗೆ ಸಿಟ್ಟು. ಓದಿ ಏನು ಮಾಡುತ್ತೀ ಎಂದು ಒಂದು ದಿನವೂ ನೀನು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಇಲಿಯ ಹೃದಯವನ್ನು ಹೊರತೆಗೆದು ನಿನ್ನ ಕೊಳವೆಯ ತುದಿಗೆ ತೂಗುಹಾಕುತ್ತೇವೆ. ಉಪ್ಪು, ಸಕ್ಕರೆ, ಆಮ್ಲಜನಕ ಬೆರೆತ ಬೆಚ್ಚಗಿನ ನೀರು ಮೇಲಿನಿಂದ ಇಳಿಯುತ್ತಿದ್ದರೆ ಸಾಕು, ದ್ರಾಕ್ಷಿಯಷ್ಟಿರುವ ಆ ಹೃದಯ ದೇಹದ ಹಂಗಿಲ್ಲದೆ ಗಂಟೆಗಟ್ಟಲೆ ಬಡಿಯುತ್ತದೆ. ಆಮೇಲೆ ನಾನು ನಲ್ಲಿ ಮುಚ್ಚುತ್ತೇನೆ. ಅರ್ಧ ಗಂಟೆ ನೀರಿಲ್ಲ, ಉಸಿರಿಲ್ಲ. ಹೃದಯಾಘಾತವಾದಾಗ ಮನುಷ್ಯನ ಎದೆಯಲ್ಲಿ ಆಗುವುದೂ ಇದೇ. ಮತ್ತೆ ನಲ್ಲಿ ಬಿಟ್ಟು, ಎಷ್ಟು ಬಲ ಉಳಿದಿದೆ ಎಂದು ಅಳೆಯುತ್ತೇನೆ. ಹೃದಯದ ಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗದಂತೆ ತಡೆಯುವ ಒಂದು ಹಳದಿ ಔಷಧಿಯಿದೆ. ಅದನ್ನು ಮೊದಲೇ ನೀರಿಗೆ ಬೆರೆಸಿದ್ದರೆ ಹೆಚ್ಚಿನ ಕೋಶಗಳು ಬದುಕಿಕೊಳ್ಳುತ್ತವೆ ಎಂದು ನನಗಿಂತ ಮುಂಚೆ ಈ ಮೇಜಿನಲ್ಲಿದ್ದವಳು ತೋರಿಸಿ ಹೋಗಿದ್ದಾಳೆ. ಎಷ್ಟು ಔಷಧಿಗೆ ಎಷ್ಟು ರಕ್ಷಣೆ ಎಂಬ ಲೆಕ್ಕ ನನ್ನ ಪಾಲಿಗೆ ಬಂದಿದೆ. ಜೂನ್ ಒಳಗೆ ಮುಗಿಯದಿದ್ದರೆ ಮೇಜು ಬೇರೆಯವರಿಗೆ ಎಂದಿದ್ದಾರೆ ಪ್ರಯೋಗಶಾಲೆ ನಡೆಸುವ ನಮ್ಮ ಗಡಿಯಾರ ಮೇಡಂ. ಅವರು ನಗುವುದನ್ನೂ ಸೆಕೆಂಡಿನಲ್ಲಿ ಅಳೆದೇ ನಗುತ್ತಾರೆ.

ಹಳೇ ಕೊಳವೆಗೆ ಯಾರೋ ಕಪ್ಪು ಬಟ್ಟೆ ಸುತ್ತಿ ಹೊಲಿದಿದ್ದರು, ಬಿರುಕು ಕಾಣಿಸದಿರಲಿ ಎಂದೇನೋ. ಬಟ್ಟೆ ಸಮೇತ ಎಸೆದೆ. ನಿನ್ನದನ್ನು ಕಿಟಕಿಯ ಪಕ್ಕ ನಿಲ್ಲಿಸಿದ್ದೇನೆ. ಕೊಳವೆಯೊಳಗೊಂದು ಕೊಳವೆ, ಅದರೊಳಗೊಂದು ಸುರುಳಿ, ಒಂದೂ ಗುಳ್ಳೆಯಿಲ್ಲ. ಬೆಳಗ್ಗೆ ಬಿಸಿಲು ಬಿದ್ದಾಗ ಬೇರೆ ವಿಭಾಗದವರೂ ಬಂದು ನೋಡಿಹೋಗುತ್ತಾರೆ. ಯಾರು ಊದಿದ್ದು ಎಂದು ಕೇಳುತ್ತಾರೆ. ಹೇಳುತ್ತೇನೆ.

ನಿನ್ನ ಮಗಳು

•

ಫೆಬ್ರುವರಿ 21

ಚಿಮಟಾ,

ಚಿಕ್ಕಂದಿನಲ್ಲಿ ಕುಲುಮೆಯ ಪಕ್ಕ ಕೂತು ನನ್ನ ತೊಡೆ ಚಿವುಟುತ್ತಿದ್ದವಳಿಗೆ ಇಟ್ಟ ಹೆಸರು. ಈಗ ಎರಡು ವರ್ಷ ದೂರದಿಂದ ಚಿವುಟಿದೆ. ಇರಲಿ, ಕೊಳವೆ ಸೇರಿತಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ನಮಗೆ ದೊಣ್ಣೆ ಬೇಡ, ಅಂಚೆಯವನು ಸಾಕು. ಪಾರ್ಸೆಲ್ ಹೊರಟ ದಿನದಿಂದ ನನಗೆ ಊಟ ಸೇರಿರಲಿಲ್ಲ.

ಆ ಸುರುಳಿಯನ್ನು ಮೂರು ಸಲ ಮುರಿದು ನಾಲ್ಕನೇ ಸಲ ಮಾಡಿದ್ದು. ಒಲೆಯಲ್ಲಿ ಒಂದು ಇಡೀ ದಿನ ನಿಧಾನ ಆರಿಸಿದ್ದೇನೆ. ಬಿಸಿ ಗಾಜನ್ನು ಅವಸರದಲ್ಲಿ ತಣಿಸಿದರೆ ಇವತ್ತಲ್ಲ ನಾಳೆ ತಾನೇ ಸಿಡಿಯುತ್ತದೆ. ತಾಳಿದವನು ಬಾಳಿಯಾನು ಎಂದು ಮೊದಲು ಹೇಳಿದವನು ಗಾಜಿನವನೇ ಇರಬೇಕು.

ನಿನ್ನ ಕೆಲಸ ಎರಡು ಸಲ ಓದಿದೆ. ಒಂದು ಮಾತು ಕೇಳಬೇಕಿತ್ತು. ನನ್ನ ಗೆಳೆಯನೊಬ್ಬ ಕ್ಯಾಲ್ಸಿಯಂ ತಡೆಯುವ ಇದೇ ವಂಶದ ಮಾತ್ರೆ ತಿನ್ನುತ್ತಾನೆ. ಕೆಂಪು ಮಾತ್ರೆ. ಅವನಿಗೆ ಬೆಳಗಿನ ಜಾವ ಐದರ ಸುಮಾರಿಗೆ ಎದೆ ಹಿಂಡಿದಂತಾಗಿ ಎಚ್ಚರವಾಗುತ್ತದಂತೆ. ಎಡದವಡೆಯವರೆಗೂ ಬರುತ್ತದೆ, ಹತ್ತು ನಿಮಿಷ ಕೂತರೆ ಬಿಡುತ್ತದೆ. ಹಾಗಂತ ಅವನು ಹೇಳಿದ. ನಾಳದಲ್ಲಿ ಅಡಚಣೆಯೇನೂ ಇಲ್ಲ, ನಾಳವೇ ಆಗಾಗ ಸೆಟೆದುಕೊಂಡು ಮುಚ್ಚುತ್ತದೆ ಎಂದು ಡಾಕ್ಟರು ಅಂದರಂತೆ. ಈ ಮಾತ್ರೆ ನಿಜವಾಗಿ ಹೃದಯವನ್ನು ಕಾಯುತ್ತದೆಯೇ? ಡಾಕ್ಟರು ಹೌದು ಅಂತಾರೆ. ಆದರೆ ಡಾಕ್ಟರು ಹೃದಯವನ್ನು ಹೊರಗೆ ತೆಗೆದು ನೋಡಿಲ್ಲವಲ್ಲ, ನೀನು ನೋಡುತ್ತಿದ್ದೀ. ಅದಕ್ಕೇ ಕೇಳಿದೆ.

ನಿನ್ನ ಅತ್ತೆ ಗಟ್ಟಿಯಾಗಿದ್ದಾಳೆ. ಬಾಯಿ ಇನ್ನೂ ಗಟ್ಟಿಯಾಗಿದೆ.

ಅಪ್ಪ

•

ಮಾರ್ಚ್ 30

ಅಪ್ಪ,

ಬರೆಯುವುದು ತಡವಾಯಿತು. ಬರೆಯುವಂಥದ್ದೇನೂ ಇರಲಿಲ್ಲ.

ಔಷಧಿ ಕೊಟ್ಟು ಹದಿನಾಲ್ಕು ಹೃದಯ ಮಾಡಿದೆ. ಹನ್ನೊಂದು ನಲ್ಲಿ ಬಿಟ್ಟ ಮೇಲೂ ಸರಿಯಾಗಿ ಬಡಿಯಲಿಲ್ಲ. ಬಿಗಿದ ಮುಷ್ಟಿಯಂತೆ ಗಟ್ಟಿಯಾಗಿ ನಿಂತುಬಿಟ್ಟವು. ಔಷಧಿ ಕೊಡದವುಗಳಿಗೂ ಇವಕ್ಕೂ ವ್ಯತ್ಯಾಸವೇ ಇಲ್ಲ. ಮೂರು ಮಾತ್ರ ಚೆನ್ನಾಗಿ ಚೇತರಿಸಿಕೊಂಡವು, ಯಾಕೆಂದು ಗೊತ್ತಿಲ್ಲ. ನನ್ನ ಹಿಂದಿನವಳಿಗೆ ಇದೇ ಔಷಧಿ, ಇದೇ ಅಳತೆ, ಹತ್ತಕ್ಕೆ ಎಂಟು ಉಳಿದಿದ್ದವು.

ಗಡಿಯಾರ ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಕೈಯನ್ನೇ ನೋಡುತ್ತ, "ಅವಳ ಕೈ ಹಗುರ ಇತ್ತಮ್ಮ" ಅಂದರು. ಊದುವವನ ಮಗಳಿಗೆ ಕೈ ಭಾರವಂತೆ. ಮನೆಗೆ ಬಂದು ಎರಡೂ ಕೈಯನ್ನು ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ.

ನಿನ್ನ ಗೆಳೆಯನ ಪ್ರಶ್ನೆಗೆ ನನ್ನ ಹೃದಯಗಳ ಉತ್ತರ ಇದು: ಆ ಮಾತ್ರೆ ತಿಂದರೂ ಅಷ್ಟೇ, ತಿನ್ನದಿದ್ದರೂ ಅಷ್ಟೇ. ಅದರ ಬದಲು ಬೆಳಗ್ಗೆ ಎದ್ದು ಒಂದು ಸುತ್ತು ನಡೆಯಲಿ, ಹಸಿವಾದರೂ ಆಗುತ್ತದೆ.

ನಿನ್ನ ಮಗಳು

•

ಏಪ್ರಿಲ್ 11

ಚಿಮಟಾ,

ನಿನ್ನ ಕೈ ಭಾರ ಎಂದವರಿಗೆ ಕೈಯ ವಿಚಾರ ಗೊತ್ತಿಲ್ಲ. ಒಂಬತ್ತನೇ ವಯಸ್ಸಿಗೆ ನೀನು ಎಳೆದ ಗಾಜಿನ ಎಳೆ ಇನ್ನೂ ನನ್ನ ಹತ್ತಿರ ಇದೆ. ಕೂದಲಿಗಿಂತ ಸಣ್ಣ, ಕೊನೆಯವರೆಗೂ ಒಂದೇ ದಪ್ಪ. ಡಾಕ್ಟರ ಮಾತಿಗೂ ನಿನ್ನ ಕೈಗೂ ಪಂದ್ಯ ಬಿದ್ದರೆ ನಾನು ಕೈಯ ಕಡೆ.

ಗೆಳೆಯನಿಗೆ ನಿನ್ನ ಮಾತು ಮುಟ್ಟಿಸಿದೆ. ಅವನು ಮಾತ್ರೆ ನಿಲ್ಲಿಸಿ ಆರು ದಿನವಾಯಿತು. ಚೆನ್ನಾಗಿದ್ದಾನೆ. ಬೆಳಗಿನ ಜಾವ ಸ್ವಲ್ಪ ಕಷ್ಟ, ಉಳಿದಂತೆ ಗುಂಡುಕಲ್ಲು. ನೀನು ಹೇಳಿದ ಹಾಗೆ ನಡೆಯುವುದಕ್ಕೂ ಹೋಗುತ್ತಾನೆ, ಮೂಲೆಯ ದೀಪದ ಕಂಬದವರೆಗೆ. ಹಿಂದಿರುಗುವಾಗ ಒಂದು ಕಡೆ ಕೂರುತ್ತಾನೆ.

ಅಪ್ಪ

•

ಏಪ್ರಿಲ್ 24

ಹುಡುಗಿ,

ನಿನ್ನ ಅಪ್ಪ ನೋಡದ ಹಾಗೆ ಅಡುಗೆಮನೆಯಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಹಿಸು. ಗೆಳೆಯ ಗೆಳೆಯ ಎಂದು ಅವನು ನಿನಗೆ ಬರೆಯುತ್ತಾನಲ್ಲ, ಆ ಗೆಳೆಯ ನಮ್ಮ ಮನೆಯಲ್ಲೇ ಇದ್ದಾನೆ. ನನ್ನ ತಮ್ಮನ ಅಂಗಿ ಹಾಕಿಕೊಳ್ಳುತ್ತಾನೆ, ನನ್ನ ತಮ್ಮನ ತಟ್ಟೆಯಲ್ಲೇ ಉಣ್ಣುತ್ತಾನೆ.

ಹೋದ ವರ್ಷದಿಂದ ಅವನಿಗೆ ಈ ಎದೆನೋವು. ನಿನಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡ. ಅವಳು ಓದು ಬಿಟ್ಟು ಓಡಿಬಂದಾಳು, ಆಮೇಲೆ ನಾನೇ ಓದು ಕೆಡಿಸಿದೆ ಎಂದಾಳು ಅಂದ. ಈ ಅತ್ತೆ ಜೀವಮಾನದಲ್ಲಿ ಗುಟ್ಟು ಕಾದದ್ದು ಅದೊಂದೇ, ಕಾಯಬಾರದ್ದೂ ಅದೊಂದೇ.

ಗೊತ್ತಾದದ್ದು ಹೀಗೆ. ಮಾತ್ರೆಗಳನ್ನೆಲ್ಲ ಹಾಳೆಯಿಂದ ಬಿಡಿಸಿ, ತಾನೇ ಊದಿದ ಗಾಜಿನ ಭರಣಿಗೆ ಸುರಿದು ಕಿಟಕಿಯಲ್ಲಿಡುವುದು ಅವನ ಅಭ್ಯಾಸ. ಕೆಂಪಗೆ ಚೆನ್ನಾಗಿ ಕಾಣುತ್ತದಂತೆ. ಮೊನ್ನೆ ಒರೆಸಲು ಎತ್ತಿಕೊಂಡೆ. ಎರಡು ವಾರದ ಮೇಲಾದರೂ ಭರಣಿ ಕಂಠದವರೆಗೂ ಹಾಗೇ ಇದೆ! ಗಾಜಿನವನಿಗೆ ಅಷ್ಟೂ ಗೊತ್ತಾಗಬಾರದೆ, ಗಾಜಿನಲ್ಲಿ ಏನನ್ನೂ ಬಚ್ಚಿಡಲಾಗದು ಎಂದು? ಕೇಳಿದರೆ, "ನನ್ನ ಮಗಳೇ ಬರೆದಿದಾಳೆ, ತಿಂದ್ರೂ ಅಷ್ಟೇ ಅಂತ" ಎಂದು ನಿನ್ನ ಕಾಗದ ತೋರಿಸಿದ. ಮೆಡಲ್ ತೋರಿಸಿದ ಹಾಗೆ ತೋರಿಸಿದ.

ಇವತ್ತು ಬೆಳಗಿನ ಜಾವ ಮೆಟ್ಟಿಲ ಮೇಲೆ ಕೂತಿದ್ದ. ಬೆವರು. ಬಾಯಿ ಬಿಡಲಾಗುತ್ತಿರಲಿಲ್ಲ. ಕಾಲು ಗಂಟೆ. ಮಾತ್ರೆ ಬಿಟ್ಟವನಿಗೆ ಯಾತ್ರೆ ಹತ್ತಿರ. ನನ್ನ ಮಾತು ಅವನು ಕೇಳುವುದಿಲ್ಲ, ನಿನ್ನ ಮಾತನ್ನೇ ಕೇಳಿ ಕೆಟ್ಟ. ನೀನೇ ಸರಿಮಾಡು. ನಿನ್ನ ನಂಬರು ನನ್ನ ಹತ್ತಿರ ಇಲ್ಲ, ಈ ಕಾಗದ ಕಂಡ ಕೂಡಲೇ ನೀನೇ ಫೋನು ಮಾಡು.

ಅತ್ತೆ

•

ಏಪ್ರಿಲ್ 28

ಅಪ್ಪ,

ನಿನ್ನೆ ಅತ್ತೆಗೆ ಫೋನಿನಲ್ಲಿ ಹೇಳಿದ್ದನ್ನೇ ಕಾಗದದಲ್ಲೂ ಬರೆಯುತ್ತಿದ್ದೇನೆ. ಕುಲುಮೆಯ ಭೋರ್ಗರೆತಕ್ಕೆ ಕಿವಿ ಕೊಟ್ಟವನು ನೀನು, ಫೋನು ಕೇಳಿಸುವುದಿಲ್ಲ. ಕಾಗದವನ್ನಾದರೆ ಎರಡು ಸಲ ಓದುತ್ತೀ. ಇದನ್ನು ಮೂರು ಸಲ ಓದು.

ಮೊದಲು ಮಾತ್ರೆ ನುಂಗು, ಆಮೇಲೆ ಮುಂದಿನ ಸಾಲಿಗೆ ಬಾ.

ಹೃದಯದ ಒಂದೊಂದು ಕೋಶದ ಗೋಡೆಯಲ್ಲೂ ಸಣ್ಣ ಸಣ್ಣ ತೂಬುಗಳಿವೆ. ಪ್ರತಿ ಬಡಿತಕ್ಕೂ ತೂಬು ತೆರೆದು ಒಂದಿಷ್ಟು ಕ್ಯಾಲ್ಸಿಯಂ ಒಳಗೆ ಬರುತ್ತದೆ, ಕೋಶ ಕುಗ್ಗುತ್ತದೆ. ಬಂದದ್ದನ್ನು ಕೂಡಲೇ ಹೊರಹಾಕಿದರೆ ಕೋಶ ಹಿಗ್ಗುತ್ತದೆ. ಹೊರಹಾಕುವ ಕೆಲಸಕ್ಕೆ ಕೂಳು ಬೇಕು, ಆ ಕೂಳು ರಕ್ತದಲ್ಲಿ ಬರಬೇಕು. ರಕ್ತ ನಿಂತರೆ ಹೊರಹಾಕುವವರು ಉಪವಾಸ ಬೀಳುತ್ತಾರೆ, ಒಳಗೆ ಬರುವುದು ಬರುತ್ತಲೇ ಇರುತ್ತದೆ. ಕ್ಯಾಲ್ಸಿಯಂ ತುಂಬಿ ತುಂಬಿ ಕೋಶ ಕುಗ್ಗಿದ್ದು ಕುಗ್ಗಿದಂತೆಯೇ ಸೆಟೆದು, ಒಳಗಿಂದ ತನ್ನನ್ನು ತಾನೇ ಹರಿದುಕೊಂಡು ಸಾಯುತ್ತದೆ. ರಕ್ತ ಮರಳಿ ಬಂದಾಗ ಇನ್ನಷ್ಟು ನುಗ್ಗುತ್ತದೆ, ಬದುಕಿಸಬೇಕಾದದ್ದೇ ಕೊಲ್ಲುತ್ತದೆ. ಈ ಔಷಧಿ ಮಾಡುವುದು ಇಷ್ಟೇ: ತೂಬನ್ನು ಅರೆ ಮುಚ್ಚಿ ಹಿಡಿಯುತ್ತದೆ. ಒಳಬರುವುದು ಕಡಿಮೆ, ದುಡಿತ ಕಡಿಮೆ, ಇದ್ದ ಕೂಳು ಹೆಚ್ಚು ಹೊತ್ತು ಬರುತ್ತದೆ. ಆದರೆ ಅದು ಮೊದಲೇ ಒಳಗಿರಬೇಕು. ಆಮೇಲೆ ಕೊಟ್ಟರೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ನನ್ನ ಹನ್ನೊಂದು ಹೃದಯಗಳು ಯಾಕೆ ಉಳಿಯಲಿಲ್ಲವೋ ನನಗಿನ್ನೂ ತಿಳಿದಿಲ್ಲ. ತಿಳಿಯದೆ ಒಂದು ಚುಟುಕು ಮಾತು ಬರೆದೆ, ಅದನ್ನು ನೀನು ನುಂಗಿದೆ. ಅಲ್ಲಿ ನಲ್ಲಿ ತಿರುಗಿಸುವವಳು ನಾನು. ನಿನ್ನ ಎದೆಯಲ್ಲಿ ನಾಳವೇ ಸೆಟೆದು ನಲ್ಲಿ ಮುಚ್ಚಿಕೊಳ್ಳುತ್ತದೆ. ಆ ನಾಳದ ಗೋಡೆಯಲ್ಲೂ ಇಂಥವೇ ತೂಬುಗಳಿವೆ, ನಿನ್ನ ಮಾತ್ರೆ ಅವನ್ನೂ ಹಿಡಿಯುತ್ತದೆ. ನಲ್ಲಿಯೇ ಮುಚ್ಚದಂತೆ ನೋಡಿಕೊಳ್ಳುತ್ತದೆ. ಇದು ನನ್ನ ಇಲಿಗಳು ಹೇಳಿದ್ದಲ್ಲ, ನಿನ್ನಂಥವರನ್ನು ವರ್ಷಗಟ್ಟಲೆ ನೋಡಿದವರು ಹೇಳಿದ್ದು.

ಕ್ಯಾಲ್ಸಿಯಂ ತಡೆದರೆ ಮೂಳೆಗೆ ಏನಾಗುತ್ತದೆ ಎಂದು ಅತ್ತೆ ಕೇಳಿದರು. ಮೂಳೆಗೆ ಏನೂ ಆಗುವುದಿಲ್ಲ.

ಅಪ್ಪ, ನನ್ನ ಕೈಯ ಮೇಲೆ ನಿನಗಿರುವ ನಂಬಿಕೆಯಿಂದ ನೀನು ಸಾಯುವುದು ನನಗೆ ಬೇಡ. ಡಾಕ್ಟರ ಹತ್ತಿರ ಹೋಗು. ನಿಲ್ಲಿಸಿದ್ದೆ ಎಂದು ನಿಜ ಹೇಳು. ಇದಕ್ಕೆ ಉತ್ತರ ಬರುವವರೆಗೂ ನಾನು ಪ್ರಯೋಗಶಾಲೆಗೆ ಹೋಗುವುದಿಲ್ಲ. ಬರಲಾ ಎಂದು ಕೇಳಿದರೆ ಬೇಡ ಅನ್ನುತ್ತೀ. ಅದಕ್ಕೇ ಕೇಳುತ್ತಿಲ್ಲ. ಭಾನುವಾರದೊಳಗೆ ಸುದ್ದಿ ಬರದಿದ್ದರೆ ಬಾಗಿಲಲ್ಲಿರುತ್ತೇನೆ.

ನಿನ್ನ ಮಗಳು

•

ಮೇ 12

ಚಿಮಟಾ,

ನುಂಗಿದೆ. ನುಂಗಿದ್ದನ್ನು ಅತ್ತೆ ಫೋನಿನಲ್ಲಿ ನಿನಗೆ ಹೇಳಿದ್ದಾಳೆ. ನನ್ನ ನಾಲಿಗೆ ಎತ್ತಿಸಿ ಕೆಳಗೆ ನೋಡಿದಳು ಎಂಬುದನ್ನು ಹೇಳಿರಲಾರಳು.

ಡಾಕ್ಟರ ಹತ್ತಿರ ನಿಜ ಹೇಳಿದೆ. ಯಾಕೆ ಬಿಟ್ಟಿರಿ ಎಂದರು. ನನ್ನ ಮಗಳು ಸಂಶೋಧನೆ ಮಾಡುತ್ತಾಳೆ ಎಂದೆ. ಇಲಿಯ ಮೇಲೋ ಎಂದರು. ಹೌದೆಂದೆ. "ನಿಮ್ಮ ಬಾಲ ಎಲ್ಲಿ?" ಎಂದರು. ಒಳ್ಳೆಯ ಮನುಷ್ಯ. ಎದೆಯ ಚಿತ್ರ ತೆಗೆದು ನೋಡಿ, ಈ ಸಲ ಏನೂ ಹಾಳಾಗಿಲ್ಲ, ಇನ್ನೊಂದು ಸಲಕ್ಕೆ ನಾನು ಮಾತು ಕೊಡಲಾರೆ ಎಂದು ಕಳಿಸಿದರು.

ಇಷ್ಟಕ್ಕೇ ಮುಗಿಯಲಿಲ್ಲ. ನಿನ್ನ ಅತ್ತೆ ಭರಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಔಷಧಿ ಅಂಗಡಿಗೆ ಹೋದಳು, ಹಳೇ ಮಾತ್ರೆ ತಿನ್ನಬಹುದೋ ಬಾರದೋ ಕೇಳಲು. ಅಂಗಡಿಯವನು ಭರಣಿ ನೋಡಿದವನೇ ಅವಳ ಜೊತೆ ಮನೆಗೇ ಬಂದ. ನಾನು ಭರಣಿ ಬೇಕಾಗಿ ಬಂದಿದ್ದಾನೆ ಅಂದುಕೊಂಡು ಬೆಲೆ ಯೋಚಿಸುತ್ತಿದ್ದೆ. ಅವನು, "ಯಜಮಾನ್ರೇ, ಈ ಮಾತ್ರೆಗೆ ಬೆಳಕು ಕಂಡ್ರೆ ಆಗಲ್ಲ. ಕೆಂಪು ಲೇಪ ಕೊಟ್ಟು, ಹಾಳೆಯಲ್ಲಿ ಮುಚ್ಚಿ ಕಳಿಸೋದು ಅದಕ್ಕೇ. ನೀವು ಬಿಸಿಲು ಕಾಯಿಸ್ತಿದೀರಲ್ಲ" ಎಂದ. ಬೆಳಕಿಗಿಟ್ಟರೆ ಔಷಧಿಯ ಗುಣ ಹೋಗಿ ಬರೀ ಪುಡಿ ಉಳಿಯುತ್ತದಂತೆ. ಭರಣಿಯನ್ನು ಖಾಲಿ ಮಾಡಿಸಿ, ಹೊಸ ಹಾಳೆ ಕೊಟ್ಟು ಹೋದ. ಭರಣಿ ಚೆನ್ನಾಗಿದೆ ಎಂದು ಒಂದು ಮಾತೂ ಆಡಲಿಲ್ಲ.

ಈಗ ಭರಣಿಯಲ್ಲಿ ಅತ್ತೆ ಅಂಗಿಯ ಗುಂಡಿಗಳನ್ನು ಹಾಕಿಟ್ಟಿದ್ದಾಳೆ. ನೀನು ಪ್ರಯೋಗಶಾಲೆಗೆ ಹೋಗು.

ಅಪ್ಪ

•

ಮೇ 16, ಕಾರ್ಡಿನಲ್ಲಿ

ಅಪ್ಪ, ನಿನ್ನ ಕಾಗದ ಈಗಷ್ಟೇ ಓದಿದೆ. ಅಂಗಡಿಯವನು ಹೇಳಿದ ಮಾತನ್ನು ನಿಂತಲ್ಲೇ ನಾಲ್ಕು ಸಲ ಓದಿದೆ. ಕಪ್ಪು ಬಟ್ಟೆ ಕೊಳ್ಳಲು ಹೊರಟಿದ್ದೇನೆ. ಉಳಿದದ್ದು ಆಮೇಲೆ.

•

ಮೇ 31

ಅಪ್ಪ,

ಇದನ್ನು ನಿನಗೆ ಹೇಳಬಾರದೆಂದು ಎರಡು ದಿನ ಅಂದುಕೊಂಡೆ. ಆದರೆ ನಮ್ಮ ಮನೆಯಲ್ಲಿ ಆಡದೆ ಉಳಿಸಿದ ಮಾತು ಯಾರನ್ನೂ ಉಳಿಸಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ನನ್ನ ಹಳದಿ ಔಷಧಿಯೂ ನಿನ್ನ ಕೆಂಪು ಮಾತ್ರೆಯೂ ಒಂದೇ. ಬೆಳಕು ತಾಗಬಾರದೆಂದು ನನಗೆ ಹೇಳಿಕೊಟ್ಟಿದ್ದರು. ಶೀಶೆಗೆ ಬೆಳ್ಳಿ ಹಾಳೆ ಸುತ್ತುತ್ತಿದ್ದೆ, ತಪ್ಪದೆ. ಆದರೆ ಶೀಶೆಯಿಂದ ಹೊರಟ ಔಷಧಿ ಹೃದಯ ಮುಟ್ಟುವ ಮೊದಲು ನಿನ್ನ ಕೊಳವೆಯ ಸುರುಳಿಯಲ್ಲಿ ಸುತ್ತಿ ಸುತ್ತಿ ಹನಿಹನಿಯಾಗಿ ಇಳಿಯುತ್ತಿತ್ತು, ಕಿಟಕಿಯ ಬಿಸಿಲಿನಲ್ಲಿ. ಹೃದಯಕ್ಕೆ ಸೇರುವಾಗ ಅದು ಬರೀ ನೀರು. ಹಳೇ ಕೊಳವೆಯ ಕಪ್ಪು ಬಟ್ಟೆ ಬಿರುಕು ಮುಚ್ಚಲು ಅಲ್ಲ, ಬೆಳಕು ಮುಚ್ಚಲು. ಅದನ್ನು ಎಸೆದವಳು ನಾನು. ನಿನ್ನದಕ್ಕೆ ಮುಸುಕು ಹಾಕಲು ಮನಸ್ಸು ಬಾರದೆ ಕಿಟಕಿಯಲ್ಲಿ ಮೆರೆಸಿದವಳೂ ನಾನು.

ದಿನಚರಿ ತೆಗೆದು ನೋಡಿದೆ. ಉಳಿದ ಆ ಮೂರು ಹೃದಯಗಳ ದಿನ ನಾನೇ ಬರೆದಿದ್ದೇನೆ: ಮೋಡ, ದೀಪ ಹಾಕಿಕೊಂಡೆ. ಮೂರಕ್ಕೆ ಮೂರೂ. ಓದಿ ಒಬ್ಬಳೇ ನಕ್ಕೆ. ಪಕ್ಕದ ಮೇಜಿನವರು ನೀರು ತಂದುಕೊಟ್ಟರು.

ಬಟ್ಟೆ ಸುತ್ತಿ ಆರು ಮಾಡಿದೆ, ಆರೂ ಚೇತರಿಸಿಕೊಂಡವು. ಮೇಡಂ ಅಷ್ಟಕ್ಕೆ ಬಿಡುವವರಲ್ಲ. ಬಟ್ಟೆ ಬಿಚ್ಚಿಸಿ ಬಿಸಿಲಲ್ಲಿ ನಾಲ್ಕು ಮಾಡಿಸಿದರು, ನಾಲ್ಕೂ ಹೋದವು. ಮತ್ತೆ ಸುತ್ತಿಸಿದರು, ಮತ್ತೆ ಎದ್ದವು. ಕೊನೆಯ ಹೃದಯ ಅರ್ಧ ಗಂಟೆ ಸುಮ್ಮನಿದ್ದು, ನಲ್ಲಿ ಬಿಟ್ಟೊಡನೆ ಒಂದು ಸಲ ನಡುಗಿ, ಒಂದು ಸಲ ತಪ್ಪಿ, ಆಮೇಲೆ ತಾಳ ಹಿಡಿದುಕೊಂಡಿತು. ಮೇಡಂ ಗಡಿಯಾರ ನೋಡುವುದನ್ನು ಮರೆತು ಅದನ್ನೇ ನೋಡುತ್ತಿದ್ದರು. ಕೈಯ ವಿಷಯ ಏನೂ ಮಾತಾಡಲಿಲ್ಲ. ಮೇಜು ನನಗೇ ಬಿಟ್ಟಿದ್ದಾರೆ.

ಸಿಟ್ಟು ಬಂದರೆ ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ನಿನ್ನ ಮಗಳು

•

ಜೂನ್ 8

ಚಿಮಟಾ,

ಗಾಜಿನದೇನೂ ತಪ್ಪಿಲ್ಲ. ಬೆಳಕು ಬಿಡು ಎಂದು ಊದಿದೆ, ಬಿಟ್ಟಿದೆ. ಮೂವತ್ತು ವರ್ಷ ನಾನು ಪಟ್ಟ ಪಾಡೆಲ್ಲ ಅದಕ್ಕೇ. ಇನ್ನು ಮೇಲೆ ಸುತ್ತಿಯೇ ಇಡು. ಒಳಗೆ ಒಂದೂ ಗುಳ್ಳೆಯಿಲ್ಲ ಎಂಬುದು ನಿನಗೂ ನನಗೂ ಗೊತ್ತಿದ್ದರೆ ಸಾಕು, ಊರಿಗೆಲ್ಲ ಗೊತ್ತಾಗಬೇಕಿಲ್ಲ.

ನಿನ್ನ ಕಾಗದ ಓದಿ ಸಿಟ್ಟೇನೂ ಬರಲಿಲ್ಲ. ಮೊದಲು ಬಂದದ್ದು ನಗು. ಅಪ್ಪ ಒಂದು ಊರಿನ ಕಿಟಕಿಯಲ್ಲಿ, ಮಗಳು ಇನ್ನೊಂದು ಊರಿನ ಕಿಟಕಿಯಲ್ಲಿ, ಒಂದೇ ಔಷಧಿಯನ್ನು ಬಿಸಿಲಿಗೆ ಹಿಡಿದು ಚಂದ ನೋಡುತ್ತಿದ್ದೆವಲ್ಲ. ಇದನ್ನು ಯಾವ ಓದೂ ಕಲಿಸುವುದಿಲ್ಲ, ರಕ್ತದಲ್ಲೇ ಬರಬೇಕು.

ಓದಲು ಹೋದದ್ದಕ್ಕೆ ನಾನು ಎರಡು ವರ್ಷ ಬರೆಯಲಿಲ್ಲ. ಅದು ನನ್ನ ತಪ್ಪು. ಇಷ್ಟು ಬರೆಯಲು ಮೂರು ಹಾಳೆ ಹರಿದಿದ್ದೇನೆ, ಸುರುಳಿಯ ಹಾಗೆ ಇದೂ ನಾಲ್ಕನೆಯದು.

ಹೊಸ ಹಾಳೆಯ ಮಾತ್ರೆ ಶುರುವಾಗಿ ನಾಲ್ಕು ವಾರ. ನೋವು ಮೊದಲು ದಿನ ಬಿಟ್ಟು ದಿನ ಬರುತ್ತಿತ್ತು, ಆಮೇಲೆ ವಾರಕ್ಕೊಮ್ಮೆ ಬಂತು. ಈಗ ಹನ್ನೆರಡು ದಿನದಿಂದ ಇಲ್ಲ. ಆದರೂ ಐದು ಗಂಟೆಗೆ ತಾನಾಗಿ ಎಚ್ಚರವಾಗಿ, ಬರುತ್ತದೋ ಇಲ್ಲವೋ ಎಂದು ಕಾಯುತ್ತ ಮಲಗಿರುತ್ತಿದ್ದೆ.

ಇವತ್ತು ಕಣ್ಣು ಬಿಟ್ಟಾಗ ಹಾಸಿಗೆಯ ಮೇಲೆಲ್ಲ ಬಿಸಿಲಿತ್ತು. ಎಂಟು ಗಂಟೆ ದಾಟಿತ್ತು. ಬಾಗಿಲಲ್ಲಿ ನಿನ್ನ ಅತ್ತೆ ಕಾಫಿ ಲೋಟ ಹಿಡಿದು ನಿಂತಿದ್ದಳು. ಕಾಫಿ ಕೆನೆಗಟ್ಟಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದೀ ಎಂದೆ. ಲೋಟವನ್ನು ಇನ್ನೊಂದು ಕೈಗೆ ಬದಲಿಸಿದಳು. ಕರೆಯಬಾರದಿತ್ತೇ ಎಂದೆ.

"ಕರೆದಾಗ ನೀನು ಏಳದೇ ಹೋಗಿದ್ರೆ?" ಅಂದಳು.

ಆಮೇಲೆ ಬಂದು ನನ್ನ ಕಾಲ ಬಳಿ ಕೂತು, ತಣ್ಣಗಾದ ಆ ಕಾಫಿಯನ್ನು ಕೊನೆಯ ಗುಟುಕಿನವರೆಗೂ ತಾನೇ ಕುಡಿದಳು.

ಅಪ್ಪ